ಐಗುಪ್ತದ ಮೀನಿನ ನೆನಪು

ಕುಡಿತ ಬಿಟ್ಟ ಸಹೋದರರಿಗೂ ಅವರ ಮನೆಯವರಿಗೂ ಸಭೆಯ ಹಿರಿಯರಿಗೂ ಒಂದು ಪಾಠ

ಓದತಕ್ಕ ಭಾಗಗಳು: ಅರಣ್ಯಕಾಂಡ 11, ವಿಮೋಚನಾಕಾಂಡ 1:8-22 ಮತ್ತು 16:1-3, ಮತ್ತಾಯ 12:43-45.

ಕುಡಿತವನ್ನು ಬಿಟ್ಟ ಮನುಷ್ಯನನ್ನು ಕುರಿತು ನಮ್ಮ ಸಭೆಗಳಲ್ಲಿ ಎರಡು ವಿಧವಾದ ಮಾತು ಕೇಳಬರುತ್ತದೆ. ಅವನು ಬಿಟ್ಟ ದಿನದಲ್ಲಿ, ದೇವರು ಅವನನ್ನು ಬಿಡಿಸಿದನೆಂದು ಎಲ್ಲರೂ ಸಂತೋಷಪಡುತ್ತಾರೆ. ಎರಡು ತಿಂಗಳಾದ ಮೇಲೆ ಅವನೇ ಬಂದು, "ಅಯ್ಯಾ, ಸಾಯಂಕಾಲವಾದರೆ ಅದೇ ನೆನಪು ಬರುತ್ತದೆ, ಏನು ಮಾಡಲಿ?" ಎಂದು ಕೇಳಿದರೆ, "ಹಾಗಾದರೆ ನೀನು ನಿಜವಾಗಿ ಮಾನಸಾಂತರಪಡಲಿಲ್ಲ" ಎಂದು ಉತ್ತರ ಕೊಡುವವರು ಉಂಟು. ಆ ಉತ್ತರವನ್ನು ಕೇಳಿದವನು ಇನ್ನೊಮ್ಮೆ ಯಾರ ಮುಂದೆಯೂ ಬಾಯಿ ತೆರೆಯುವದಿಲ್ಲ. ನೆನಪು ಮಾತ್ರ ಹೋಗುವದಿಲ್ಲ. ಅದು ಅವನೊಬ್ಬನ ಸಂಗಡವೇ ಉಳಿಯುತ್ತದೆ. ಇಂಥ ಉತ್ತರವು ದೇವರ ವಾಕ್ಯಕ್ಕೆ ಸರಿಯಾದದ್ದೋ ಎಂಬದನ್ನು ಈ ತಿಂಗಳ ಪಾಠದಲ್ಲಿ ವಿಚಾರಿಸೋಣ.

ಇಸ್ರಾಯೇಲ್ಯರು ಐಗುಪ್ತದಿಂದ ಹೊರಟದ್ದು ಒಂದೇ ರಾತ್ರಿಯಲ್ಲಿ. ಆದರೆ ಐಗುಪ್ತವು ಅವರ ನಾಲಿಗೆಯಿಂದ ಹೊರಡುವದಕ್ಕೆ ಒಂದು ರಾತ್ರಿ ಸಾಲಲಿಲ್ಲ. ಹೊರಟು ಸರಿಯಾಗಿ ಒಂದು ತಿಂಗಳಾದಾಗ, ಎರಡನೆಯ ತಿಂಗಳಿನ ಹದಿನೈದನೆಯ ದಿನದಲ್ಲಿ, ಅವರು ಮಾಂಸದ ಪಾತ್ರೆಗಳನ್ನು ನೆನಸಿ ಗುಣುಗುಟ್ಟಿದರೆಂದು ವಿಮೋಚನಾಕಾಂಡ 16ರಲ್ಲಿ ಓದುತ್ತೇವೆ. ಆ ಮೇಲೆ ಅವರಿಗೆ ಮನ್ನ ದೊರೆಯಿತು, ಸೀನಾಯಿಯಲ್ಲಿ ಧರ್ಮಶಾಸ್ತ್ರ ದೊರೆಯಿತು, ದೇವದರ್ಶನದ ಗುಡಾರವು ಎದ್ದು ನಿಂತಿತು. ಎರಡನೆಯ ವರುಷದ ಎರಡನೆಯ ತಿಂಗಳಿನ ಇಪ್ಪತ್ತನೆಯ ದಿನದಲ್ಲಿ ಅವರು ಸೀನಾಯಿಯನ್ನು ಬಿಟ್ಟು ಮುಂದೆ ಪ್ರಯಾಣ ಮಾಡಿದರು. ಅರಣ್ಯಕಾಂಡ 11ರಲ್ಲಿ ಹೇಳಿದ ಅಳುವು ಅದರ ನಂತರದ್ದು. ಬಿಡುಗಡೆಯಾಗಿ ಹದಿಮೂರು ತಿಂಗಳು ಕಳೆದ ಮೇಲೆ ಅದೇ ನೆನಪು ಮೊದಲಿಗಿಂತ ಬಲವಾಗಿ ತಿರುಗಿ ಬಂತು: ಮೀನು, ಸೌತೆಕಾಯಿ, ನೀರುಳ್ಳಿ, ಬೆಳ್ಳುಳ್ಳಿ! ಹೀಗೆ ನೆನಪು ಬಂದದ್ದರಿಂದ ಅವರು ಕೆಂಪು ಸಮುದ್ರವನ್ನು ದಾಟಿಯೇ ಇರಲಿಲ್ಲವೆಂದು ಯಾರಾದರೂ ಹೇಳುವರೋ? ಅವರು ದಾಟಿದ್ದರು. ದಾಟಿದವರಿಗೇ ಈ ನೆನಪು ಬಂತು. ಇನ್ನೂ ಐಗುಪ್ತದಲ್ಲಿ ಇದ್ದವರಿಗೆ ಅಲ್ಲಿಯ ಮೀನು ನೆನಪಾಗಿರಲಿಲ್ಲ, ತಟ್ಟೆಯಲ್ಲಿಯೇ ಇತ್ತು.

ಈ ಅಧ್ಯಾಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಲಕ್ಷಿಸಬೇಕು. ಆ ಮೀನನ್ನು ತಾವು ಕ್ರಯವಿಲ್ಲದೆ ತಿನ್ನುತ್ತಿದ್ದೆವೆಂದು ಅವರು ಹೇಳಿದರು. ಕ್ರಯವಿಲ್ಲದೆಯೋ? ಆ ಮೀನು ಬಂದದ್ದು ಯಾವ ಹೊಳೆಯಿಂದ? ವಿಮೋಚನಾಕಾಂಡದ ಮೊದಲನೆಯ ಅಧ್ಯಾಯದ ಕಡೇ ವಚನವನ್ನು ತೆರೆದು ನೋಡಿರಿ. ಇಬ್ರಿಯರಿಗೆ ಹುಟ್ಟುವ ಗಂಡುಮಕ್ಕಳನ್ನೆಲ್ಲಾ ಫರೋಹನು ಹಾಕಿಸಬೇಕೆಂದು ಅಪ್ಪಣೆ ಕೊಟ್ಟದ್ದು ಅದೇ ನೈಲ್ ಹೊಳೆಗೆ. ನೆನಪು ಮೀನನ್ನು ಇಟ್ಟುಕೊಂಡಿತು, ಮಕ್ಕಳನ್ನು ಮರೆಯಿತು. ನೀರುಳ್ಳಿಯ ವಾಸನೆಯನ್ನು ಇಟ್ಟುಕೊಂಡಿತು, ಇಟ್ಟಿಗೆ ಹೊತ್ತ ಬೆನ್ನಿನ ಬಾಸುಂಡೆಯನ್ನು ಮರೆಯಿತು.

ಕುಡಿತ ಬಿಟ್ಟವನ ನೆನಪು ಸಹ ಇದೇ ರೀತಿಯಾದದ್ದು. ಸಾಯಂಕಾಲದಲ್ಲಿ ಅವನ ಮನಸ್ಸಿಗೆ ಬರುವದು ಮೊದಲನೆಯ ಗ್ಲಾಸು, ಹುರಿದ ಬಂಗುಡೆ, ಗೆಳೆಯರ ನಗೆ. ಹೆಂಡತಿಯ ಕರಿಮಣಿಯ ಚಿನ್ನವನ್ನು ಅಡವಿಟ್ಟ ದಿನ, ಮಗಳ ಶಾಲೆಯ ಫೀಸು ಹೋದ ದಿನ, ಚರಂಡಿಯ ಬದಿಯಲ್ಲಿ ಬಿದ್ದವನನ್ನು ನೆರೆಯವರು ಎತ್ತಿಕೊಂಡು ಬಂದ ರಾತ್ರಿ, ಇವು ಆ ಹೊತ್ತಿನಲ್ಲಿ ಬರುವದಿಲ್ಲ. ಆದದರಿಂದ ನೆನಪು ಬಂದಾಗ ಅದನ್ನು ಅರ್ಧದಲ್ಲಿ ನಿಲ್ಲಿಸಬಾರದು. ಮೊದಲನೆಯ ಗ್ಲಾಸಿನ ತನಕ ಬಂದ ಕಥೆಯನ್ನು ಕಡೇ ವರೆಗೂ ನಡಿಸಿ, ಮರುದಿನ ಬೆಳಿಗ್ಗೆ ಮಕ್ಕಳ ಮುಖವನ್ನು ನೋಡಲಾರದ ಸ್ಥಳಕ್ಕೆ ಅದನ್ನು ತಂದು ಮುಟ್ಟಿಸಬೇಕು. ಮೀನನ್ನು ನೆನಸುವವನು ಹೊಳೆಯನ್ನೂ ನೆನಸಲಿ.

ಆದರೆ ದೇವರ ಕೋಪವು ಉರಿಯಿತೆಂದು ಅದೇ ಅಧ್ಯಾಯದಲ್ಲಿ ಬರೆದದೆಯಲ್ಲಾ ಎಂದು ಒಬ್ಬನು ಕೇಳಬಹುದು. ಬರೆದದೆ ನಿಜ. ಆದರೆ ಯಾವದಕ್ಕೆ ಎಂಬದನ್ನು ನೋಡಬೇಕು. ಅವರು ತಮ್ಮ ಮಧ್ಯದಲ್ಲಿದ್ದ ಕರ್ತನನ್ನು ತಳ್ಳಿಬಿಟ್ಟರು, ಐಗುಪ್ತದಿಂದ ಯಾಕೆ ಹೊರಟೆವೆಂದು ಅತ್ತರು ಎಂಬದೇ ಇಪ್ಪತ್ತನೆಯ ವಚನದಲ್ಲಿ ಹೇಳಿದ ಕಾರಣ. ನೆನಪು ಬಾಗಲಿಗೆ ಬಂದದ್ದು ಒಂದು. ಅದಕ್ಕೆ ಮಣೆ ಹಾಕಿ ಕೂತುಕೊಳ್ಳಿಸಿ, ಬಿಡಿಸಿದವನನ್ನು ನಿಂದಿಸಿದ್ದು ಇನ್ನೊಂದು. ನಮ್ಮ ಕರ್ತನು ಸಹ ಶೋಧಿಸಲ್ಪಟ್ಟನು, ಆದರೂ ಪಾಪರಹಿತನಾಗಿದ್ದನು. ಸೈತಾನನು ಆತನನ್ನು ಬಿಟ್ಟುಹೋದದ್ದೂ ಸ್ವಲ್ಪ ಕಾಲಕ್ಕೆ ಮಾತ್ರವೆಂದು ಲೂಕನು ತಿಳಿಸುತ್ತಾನೆ. ಹೀಗಿರಲಾಗಿ, ಯೋಚನೆ ಬಂದ ಮಾತ್ರಕ್ಕೆ ಒಬ್ಬನನ್ನು ಬಿದ್ದವನೆಂದು ಎಣಿಸುವ ಅಧಿಕಾರವು ಸಭೆಗೆ ಇಲ್ಲ.

ಇಲ್ಲಿ ವೈದ್ಯರ ಮಾತನ್ನು ಸ್ವಲ್ಪ ಕೇಳಬೇಕು. ಮದ್ಯವು ನರಗಳನ್ನು ಮಂಕು ಮಾಡುವ ವಸ್ತು. ಅದು ದಿನಾಲೂ ಸೇರುವ ದೇಹದಲ್ಲಿ ಮೆದುಳು ಆ ಮಂಕಿಗೆ ಎದುರಾಗಿ ತನ್ನನ್ನು ಹೆಚ್ಚು ಎಚ್ಚರಗೊಳಿಸಿಕೊಂಡಿರುತ್ತದೆ. ಮದ್ಯವು ತಟ್ಟನೆ ನಿಂತರೆ ಆ ಹೆಚ್ಚಿನ ಎಚ್ಚರವು ಕಡಿವಾಣವಿಲ್ಲದ ಕುದುರೆಯಂತೆ ಉಳಿಯುತ್ತದೆ. ಕೈ ನಡುಗುವದು, ಬೆವರುವದು, ನಿದ್ರೆ ಬಾರದಿರುವದು ಇದರಿಂದಲೇ. ಬಹುಕಾಲ ಹೆಚ್ಚಾಗಿ ಕುಡಿದವರಲ್ಲಿ ಕೆಲವರಿಗೆ ಬಿಟ್ಟ ಮೊದಲ 48 ಗಂಟೆಗಳೊಳಗೆ ಅಪಸ್ಮಾರದಂಥ ಸೆಳೆತ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಬುದ್ಧಿಭ್ರಮಣೆಯಾಗಿ, ಇಲ್ಲದ್ದನ್ನು ಕಂಡು ಕೂಗಾಡಬಹುದು. ನಮ್ಮ ಹಳ್ಳಿಗಳಲ್ಲಿ ಇದನ್ನು ಭೂತದ ಉಪದ್ರವವೆಂದು ಹೇಳಿ ಕಾಲ ಕಳೆಯುವದುಂಟು. ಅದು ಭೂತವಲ್ಲ, ಪ್ರಾಣಕ್ಕೆ ಅಪಾಯವಾದ ರೋಗ. ಅಂಥವನನ್ನು ಮನೆಯಲ್ಲಿ ಕೂಡಿಹಾಕಿ ಪ್ರಾರ್ಥನೆ ಮಾತ್ರ ಮಾಡುತ್ತಾ ಕೂತುಕೊಳ್ಳದೆ, ಪುತ್ತೂರಿನ ಸರಕಾರಿ ಆಸ್ಪತ್ರೆಗಾಗಲಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗಾಗಲಿ ಕರಕೊಂಡು ಹೋಗಿ, ಅಲ್ಲಿ ಪ್ರಾರ್ಥಿಸಿರಿ. ದಿನಾಲೂ ಕುಡಿಯುವವನು ಬಿಡಬೇಕೆಂದು ನಿಶ್ಚಯಿಸಿದರೆ, ಬಿಡುವ ಮೊದಲೇ ವೈದ್ಯರನ್ನು ಕಾಣುವದು ಇನ್ನೂ ಉತ್ತಮ.

ಈ ಮೊದಲಿನ ವಾರವು ಕಳೆದ ಮೇಲೆ ದೇಹವು ಸುಮ್ಮನಾಗುತ್ತದೆ, ಆದರೆ ನಿದ್ರೆಯು ಹಲವು ವಾರ, ಕೆಲವರಿಗೆ ಹಲವು ತಿಂಗಳು ಕೆಟ್ಟಿರುತ್ತದೆ. ಆ ದಿನಗಳಲ್ಲಿ ಕುಡಿದ ಹಾಗೆ ಕನಸು ಬೀಳುವದು ಬಹಳ ಸಾಮಾನ್ಯ. ಎದ್ದಾಗ ಬಾಯಲ್ಲಿ ರುಚಿಯೇ ಇದ್ದಂತೆ ತೋರಿ, "ನಾನು ಪ್ರತಿಜ್ಞೆ ಮುರಿದೆನೋ" ಎಂದು ಮನುಷ್ಯನು ನಡುಗುತ್ತಾನೆ. ಅವನು ಏನನ್ನೂ ಮುರಿಯಲಿಲ್ಲ. ಕನಸಿನಲ್ಲಿ ಕುಡಿದದ್ದಕ್ಕೆ ಹೆದರುವವನು ಎಚ್ಚರದಲ್ಲಿ ಕುಡಿಯಲು ಇಷ್ಟಪಡದವನೇ ಅಲ್ಲವೇ?

ಇನ್ನು ನೆನಪು ಬರುವ ದಾರಿಯನ್ನು ನೋಡೋಣ. ಒಬ್ಬ ಸಹೋದರನನ್ನು ಎಣಿಸಿಕೊಳ್ಳಿರಿ. ಅವನು ಸವಣೂರಿನ ಕಡೆಯ ಒಂದು ಅಡಿಕೆ ತೋಟದಲ್ಲಿ ಕೆಲಸಕ್ಕೆ ಹೋಗುತ್ತಾನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲು ಒದ್ದೆಯಾದ ಮರಗಳನ್ನು ಹತ್ತುತ್ತಾನೆ. ಶನಿವಾರ ಸಾಯಂಕಾಲ ವಾರದ ಸಂಬಳವನ್ನು ಜೇಬಿನಲ್ಲಿ ಇಟ್ಟುಕೊಂಡು ದರ್ಬೆಯಲ್ಲಿ ಬಸ್ಸಿನಿಂದ ಇಳಿಯುತ್ತಾನೆ. ಮಳೆ ಹೊಡೆಯುತ್ತದೆ, ಮಧ್ಯಾಹ್ನದ ಗಂಜಿ ಹೊಟ್ಟೆಯಲ್ಲಿ ಕರಗಿ ಬಹಳ ಹೊತ್ತಾಯಿತು, ಹೆಗಲು ನೋಯುತ್ತದೆ. ಹಳೆಯ ಜೊತೆಗಾರನು ರಸ್ತೆಯ ಆಚೆಯಿಂದ ಕೈ ಬೀಸುತ್ತಾನೆ. ಈ ಸಹೋದರನು ಹತ್ತು ವರುಷ ಇದೇ ಗಂಟೆಗೆ, ಇದೇ ಹಣದಿಂದ, ಇದೇ ಮನುಷ್ಯನ ಜೊತೆಯಲ್ಲಿ ಹೋಗಿ ಕುಡಿದಿದ್ದಾನೆ. ಈಗ ಅವನ ಬಾಯಲ್ಲಿ ನೀರೂರುವದು ಅವನ ಇಚ್ಛೆಯಿಂದಲ್ಲ. ಕೊಟ್ಟಿಗೆಯ ಹಸುವು ಬಕೆಟಿನ ಸದ್ದು ಕೇಳಿ ತಲೆಯೆತ್ತುವಂತೆ, ದೇಹವು ತಾನು ಕಲಿತ ಪಾಠವನ್ನು ಒಪ್ಪಿಸುತ್ತದೆ. ಕಲಿಯುವದಕ್ಕೆ ಹತ್ತು ವರುಷ ಹಿಡಿದದ್ದನ್ನು ಮರೆಯುವದಕ್ಕೆ ಹತ್ತು ವಾರ ಸಾಲುವದಿಲ್ಲ. ಆದರೂ ಬಕೆಟಿನ ಸದ್ದು ಕೇಳಿದಾಗೆಲ್ಲಾ ಹುಲ್ಲು ಸಿಕ್ಕದಿದ್ದರೆ ಹಸುವು ಸಹ ಕಾಲಕ್ರಮದಲ್ಲಿ ತಲೆಯೆತ್ತುವದನ್ನು ಬಿಡುತ್ತದೆ.

(ಚಳಿಗೆ ಮೈ ಬಿಸಿಯಾಗಲೆಂದು ಒಂದಿಷ್ಟು ಬೇಕೆಂಬ ಮಾತನ್ನೂ ಇಲ್ಲಿಯೇ ಪರಿಹರಿಸಿಬಿಡೋಣ. ಮದ್ಯವು ಚರ್ಮದ ಕೆಳಗಿನ ರಕ್ತನಾಳಗಳನ್ನು ಹಿಗ್ಗಿಸುವದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ. ನಿಜವಾಗಿ ಒಳಗಿನ ಶಾಖವು ಹೊರಗೆ ಹೋಗಿ ದೇಹವು ತಣ್ಣಗಾಗುತ್ತದೆ. ಒದ್ದೆ ಮರವನ್ನು ಹತ್ತುವವನಿಗೆ ಅದು ಎರಡು ಸಾರಿ ವೈರಿ.)

ಅಂಗಡಿಯೇ ಇಲ್ಲದಿದ್ದರೆ ಈ ತೊಂದರೆ ಬರುತ್ತಿರಲಿಲ್ಲವೆಂದು ಕೆಲವರು ಹೇಳುವರು. ನಮ್ಮ ಜಿಲ್ಲೆಯು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭವಾದ ಪಾನನಿಷೇಧವು 1948ರಲ್ಲಿ ಇಡೀ ಪ್ರಾಂತ್ಯಕ್ಕೆ ಹಬ್ಬಿತ್ತು. ಅದು ಮುಂದೆ ನಿಲ್ಲಲಿಲ್ಲ. ಕರ್ನಾಟಕದಲ್ಲಿ 2007ನೆಯ ಇಸವಿ ಜುಲೈ 1ರಿಂದ ಸಾರಾಯಿಯು ನಿಷೇಧಿಸಲ್ಪಟ್ಟಿತು. ಬಾಟ್ಲಿಯ ಅಂಗಡಿಗಳು ಉಳಿದವು. ಒಳ್ಳೇ ಕಾನೂನಿನ ಉಪಕಾರವನ್ನು ಅಲ್ಲಗಳೆಯತಕ್ಕದ್ದಲ್ಲ. ಆದರೆ ನೆನಪಿನಲ್ಲಿ ತೆರೆದಿರುವ ಅಂಗಡಿಗೆ ಬೀಗ ಹಾಕುವ ಶಕ್ತಿಯು ಅಬಕಾರಿ ಇಲಾಖೆಗೆ ಇಲ್ಲ.

ನೆನಪು ಬಂದ ಕೂಡಲೇ ಅನೇಕರು ಮಾಡುವದೇನಂದರೆ, ಹಲ್ಲು ಕಚ್ಚಿ, "ಇದನ್ನು ನೆನಸಲೇಬಾರದು" ಎಂದು ಅದರ ಸಂಗಡ ಗುದ್ದಾಡುವದು. ಇದು ಭಕ್ತಿಯಂತೆ ಕಾಣುತ್ತದೆ, ಫಲ ಮಾತ್ರ ವಿಪರೀತ. ಅಮೆರಿಕ ದೇಶದ ಮನಶ್ಶಾಸ್ತ್ರಜ್ಞನಾದ ಡ್ಯಾನಿಯೆಲ್ ವೆಗ್ನರ್ ಎಂಬವನು 1987ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದನು. ಐದು ನಿಮಿಷ ಬಿಳೀ ಕರಡಿಯನ್ನು ನೆನಸಬಾರದು, ನೆನಪಾದರೆ ಗಂಟೆ ಬಾರಿಸಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಿದಾಗ, ಅವರು ಪದೇ ಪದೇ ಗಂಟೆ ಬಾರಿಸಿದರು. ಆ ಮೇಲೆ ನೆನಸಬಹುದೆಂದು ಅಪ್ಪಣೆ ಕೊಟ್ಟಾಗ, ಮೊದಲಿನಿಂದಲೂ ನೆನಸಲು ಬಿಟ್ಟವರಿಗಿಂತಲೂ ಇವರಿಗೇ ಕರಡಿಯು ಹೆಚ್ಚು ನೆನಪಾಯಿತು. ತಳ್ಳಿದ ಯೋಚನೆಯು ತಳ್ಳಿದ ಕೈಗೇ ಅಂಟಿಕೊಳ್ಳುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಉಪ್ಪಿನಂಗಡಿಯಲ್ಲಿ ನೇತ್ರಾವತಿಯೂ ಕುಮಾರಧಾರೆಯೂ ಕೂಡುವ ಸ್ಥಳದಲ್ಲಿ ಆಷಾಢದ ನೆರೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವದು. ನೆರೆ ಏರುವಾಗ ಅದು ನಿಲ್ಲುವದೇ ಇಲ್ಲವೆಂದು ತೋರುತ್ತದೆ. ಬುದ್ಧಿಯುಳ್ಳವನು ನೀರಿಗೆ ಇಳಿದು ಎದುರೀಜುವದಿಲ್ಲ, ನೀರು ಇಲ್ಲವೆಂದು ಕಣ್ಣು ಮುಚ್ಚುವದೂ ಇಲ್ಲ. ದಡ ಹತ್ತಿ, ನೀರು ಏರುವದನ್ನೂ ನಿಲ್ಲುವದನ್ನೂ ಇಳಿಯುವದನ್ನೂ ನೋಡುತ್ತಾ ಕಾಯುತ್ತಾನೆ. ಕುಡಿಯುವ ಆಶೆಯು ಸಹ ಹೀಗೆಯೇ ಏರಿ ಇಳಿಯುವದೆಂದು ಸಿಯಾಟಲ್ ಪಟ್ಟಣದ ಪಂಡಿತನಾದ ಆ್ಯಲನ್ ಮಾರ್ಲಟ್ ಎಂಬವನು ತನ್ನ ರೋಗಿಗಳಿಗೆ ಕಲಿಸುತ್ತಿದ್ದನು. ಅದಕ್ಕೆ ಆಹಾರ ಕೊಡದಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಬಲ ಮುರಿಯುತ್ತದೆ. "ಆಶೆ ಬಂತು, ಇದು ಬಂದದ್ದೇ, ಇದು ಹೋಗುವದೇ" ಎಂದು ಅದನ್ನು ಹೆಸರು ಹಿಡಿದು ಕರೆದು, ಆ ಅರ್ಧ ಗಂಟೆಯನ್ನು ದಾಟಬೇಕು. ಜನ್ಮವೆಲ್ಲಾ ಕುಡಿಯದೆ ಹೇಗೆ ಇರಲಿ ಎಂಬ ಪ್ರಶ್ನೆಯು ಆ ಹೊತ್ತಿನದ್ದಲ್ಲ. ಮನ್ನವು ಸಹ ಒಂದೊಂದು ದಿನಕ್ಕೆ ಬೇಕಾದಷ್ಟೇ ಬೀಳುತ್ತಿತ್ತು.

ದಡ ಹತ್ತುವ ಉಪಾಯಗಳು ಬಹಳ ಸಣ್ಣವು, ಆದದರಿಂದಲೇ ಜನರು ಅವುಗಳನ್ನು ತಾತ್ಸಾರ ಮಾಡುತ್ತಾರೆ. ದರ್ಬೆಯಲ್ಲಿ ಇಳಿಯುವ ಸಹೋದರನು ಒಂದು ನಿಲ್ದಾಣ ಹಿಂದೆಯೋ ಮುಂದೆಯೋ ಇಳಿಯಬಹುದು. ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತದೆ, ತೋಟದಿಂದ ಹೊರಡುವಾಗಲೇ ಏನಾದರೂ ತಿಂದು, ಒಂದು ಚೊಂಬು ಬೆಲ್ಲದ ನೀರನ್ನೋ ಮಜ್ಜಿಗೆಯನ್ನೋ ಕುಡಿದು ಬರಬಹುದು; ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಒಂದಾದರೂ ಇಲ್ಲದೆ ಆಶೆಯು ಬಲವಾಗಿ ಬರುವದು ಅಪರೂಪ. ಸಂಬಳವನ್ನು ಶನಿವಾರ ತಾನು ತೆಗೆದುಕೊಳ್ಳದೆ ಆದಿತ್ಯವಾರ ಬೆಳಿಗ್ಗೆ ಕೊಡಬೇಕೆಂದು ಧಣಿಯ ಹತ್ತಿರ ಕೇಳಿಕೊಳ್ಳಬಹುದು. ಬಂದ ನೆಂಟರಿಗೆಂದು ಮನೆಯಲ್ಲಿ ಬಾಟ್ಲಿ ಇಡುವ ಮರ್ಯಾದೆಯನ್ನು ಆ ಮನೆಯವರು ಬಿಡಬೇಕು. ಅಂಥ ಮರ್ಯಾದೆಯಿಂದ ನೆಂಟನಿಗೆ ಆಗುವ ಲಾಭಕ್ಕಿಂತ ಯಜಮಾನನಿಗೆ ಆಗುವ ನಷ್ಟ ದೊಡ್ಡದು.

ಪ್ರಾರ್ಥಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಪ್ರಾರ್ಥನೆಯು ನೆನಪನ್ನು ಅಳಿಸುವ ಮಂತ್ರವೆಂದು ಯಾರೂ ತಿಳಿಯಬಾರದು. "ಕರ್ತನೇ, ಈ ಯೋಚನೆಯನ್ನು ಎಂದಿಗೂ ಬಾರದ ಹಾಗೆ ತೆಗೆದುಬಿಡು" ಎಂದು ಕೇಳಿ, ಮರುದಿನ ಅದು ಬಂದಾಗ ದೇವರು ಕೇಳಲಿಲ್ಲವೆಂದು ಕುಡಿಯಲು ಹೋದವರಿದ್ದಾರೆ. ಇಸ್ರಾಯೇಲ್ಯರಿಗೆ ನೀರುಳ್ಳಿಯ ನೆನಪು ಬಾರದ ಹಾಗೆ ದೇವರು ಮಾಡಲಿಲ್ಲ. ದಿನಾಲೂ ಮಂಜಿನ ಸಂಗಡ ಮನ್ನವನ್ನು ಸುರಿಸಿದನು. ಅದನ್ನು ಕೂಡಿಸಿ, ಬೀಸಿ, ಕುಟ್ಟಿ, ಬೇಯಿಸುವ ಕೆಲಸವನ್ನು ಅವರೇ ಮಾಡಬೇಕಾಗಿತ್ತು.

ಈಗ ಈ ಪಾಠದ ಮುಖ್ಯ ಸ್ಥಾನಕ್ಕೆ ಬರುತ್ತೇವೆ. ಅರಣ್ಯಕಾಂಡ 11ನೆಯ ಅಧ್ಯಾಯವು ನೀರುಳ್ಳಿಯ ಅಧ್ಯಾಯವೆಂದು ಎಲ್ಲರಿಗೂ ಗೊತ್ತು. ಅದೇ ಅಧ್ಯಾಯವು ಎಪ್ಪತ್ತು ಹಿರಿಯರ ಅಧ್ಯಾಯವೆಂಬದನ್ನು ಮಾತ್ರ ಅನೇಕರು ಗಮನಿಸುವದಿಲ್ಲ. ಜನರ ಅಳುವನ್ನು ಕೇಳಿ ಮೋಶೆಯು, ಈ ಭಾರವನ್ನು ನಾನೊಬ್ಬನೇ ಹೊರಲಾರೆನೆಂದು ದೇವರಿಗೆ ಮೊರೆಯಿಟ್ಟನು. ಆಗ ದೇವರು, ಜನರ ಹಿರಿಯರಲ್ಲಿ ಎಪ್ಪತ್ತು ಮಂದಿಯನ್ನು ಕರತರುವಂತೆ ಅವನಿಗೆ ಹೇಳಿ, ಅವನ ಮೇಲಿದ್ದ ಆತ್ಮದಲ್ಲಿ ಪಾಲನ್ನು ಅವರಿಗೆ ಕೊಟ್ಟು, ಭಾರವನ್ನು ಹಂಚಿದನು. ಜನರು ಅಳುತ್ತಿದ್ದದ್ದು ಹೇಗೆ? ಒಬ್ಬೊಬ್ಬನು ತನ್ನ ತನ್ನ ಗುಡಾರದ ಬಾಗಲಲ್ಲಿ. ಬಲವಾದ ಆಶೆಗೆ ಆ ಅಧ್ಯಾಯದಲ್ಲಿ ದೇವರು ತೋರಿಸಿದ ಮೊದಲನೆಯ ಉಪಾಯವು ಲಾವಕ್ಕಿಯಲ್ಲ, ಹೊರುವ ಹೆಗಲುಗಳು. ಲಾವಕ್ಕಿಗಳನ್ನು ಅತ್ಯಾಶೆಯಿಂದ ಕೂಡಿಸಿಕೊಂಡವರ ಗೋರಿಗಳು ಆ ಸ್ಥಳದ ಹೆಸರಿನಲ್ಲಿಯೇ ಉಳಿದವೆ.

ಇದು ಹಳೆಯ ಒಡಂಬಡಿಕೆಯ ಕಾಲಕ್ಕೆ ಮಾತ್ರ ಸೇರಿದ್ದಲ್ಲವೆಂಬದಕ್ಕೆ 1935ರ ಒಂದು ಸಂಗತಿ ಸಾಕ್ಷಿಯಾಗಿದೆ. ಅಮೆರಿಕದ ನ್ಯೂಯಾರ್ಕ್ ಪಟ್ಟಣದವನಾದ ಬಿಲ್ ವಿಲ್ಸನ್ ಎಂಬವನು ಕುಡಿತದಿಂದ ಹಾಳಾಗಿ, 1934ನೆಯ ಇಸವಿ ದಶಂಬರದಲ್ಲಿ ಅದನ್ನು ಬಿಟ್ಟಿದ್ದನು. ಐದು ತಿಂಗಳಾದ ಮೇಲೆ ವ್ಯಾಪಾರದ ನಿಮಿತ್ತ ಏಕ್ರನ್ ಎಂಬ ಊರಿಗೆ ಹೋದಾಗ, ಕೆಲಸ ಕೆಟ್ಟು, ಕೈಯಲ್ಲಿ ಹಣವೂ ಹೆಚ್ಚಾಗಿಲ್ಲದೆ, ತಾನು ಇಳಕೊಂಡಿದ್ದ ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದನು. ಒಂದು ಕಡೆಯಿಂದ ಬಾರಿನ ನಗೆಯೂ ಸದ್ದೂ ಕೇಳಬರುತ್ತಿತ್ತು. ಹೋಗಿ ಕೂತುಕೊಂಡರೇನು ಎಂಬ ಯೋಚನೆ ಅವನಿಗೆ ಬಂತು. ಆ ಹೊತ್ತಿನಲ್ಲಿ ಅವನು ಮಾಡಿದ್ದು ಇಷ್ಟೇ: ಅಲ್ಲಿ ತೂಗಹಾಕಿದ್ದ ಸಭೆಗಳ ಪಟ್ಟಿಯನ್ನು ನೋಡಿ, ಗುರುತೇ ಇಲ್ಲದ ಒಬ್ಬ ಪಾದ್ರಿಗೆ ಟೆಲಿಫೋನು ಮಾಡಿ, ತನ್ನಂಥ ಇನ್ನೊಬ್ಬ ಕುಡುಕನನ್ನು ತನಗೆ ತೋರಿಸಬೇಕೆಂದು ಕೇಳಿದನು. ಆ ಮೂಲಕ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯನ ಭೇಟಿಯಾಯಿತು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಸ್ಮಿತ್ ವೈದ್ಯನು ಕಡೇ ಸಾರಿ ಕುಡಿದದ್ದು ಆ ವರುಷ ಜೂನ್ 10ರಂದು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂದು ಈಗ ಲೋಕದಲ್ಲೆಲ್ಲಾ ಹಬ್ಬಿರುವ ಕೂಟವು ತನ್ನ ಜನ್ಮದಿನವೆಂದು ಎಣಿಸುವದು ಅದೇ ದಿನವನ್ನು. ಆ ಟೆಲಿಫೋನನ್ನು ಎತ್ತಿದ ಪಾದ್ರಿಯು, ನಾವು ಮೊದಲು ಹೇಳಿದ ಉತ್ತರವನ್ನು ಅವನಿಗೆ ಕೊಟ್ಟಿದ್ದರೆ ಏನಾಗುತ್ತಿತ್ತು?

ನಮ್ಮ ಜಿಲ್ಲೆಯಲ್ಲಿಯೇ ನೆರೆಯವರಿಂದ ಕಲಿಯತಕ್ಕದ್ದು ಉಂಟು. ಶ್ರೀ ಕ್ಷೇತ್ರ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು 1982ರಲ್ಲಿ ಆರಂಭವಾಯಿತು. ಅದಕ್ಕೆ ಸೇರಿದ ಜನಜಾಗೃತಿ ವೇದಿಕೆಯವರು ಹಳ್ಳಿಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡಿಸುತ್ತಾರೆ. ಶಿಬಿರವು ಮುಗಿದ ಮೇಲೆ ಕುಡಿತ ಬಿಟ್ಟವರನ್ನು ಅವರವರ ಪಾಡಿಗೆ ಬಿಡದೆ, ನವಜೀವನ ಸಮಿತಿಗಳೆಂಬ ಹೆಸರಿನಲ್ಲಿ ಕೂಡಿಸುತ್ತಾರೆ. ಎಂಟು ದಿನಗಳಲ್ಲಿ ಬಿಡಿಸಬಹುದು, ಉಳಿಸುವದಕ್ಕೆ ಕೂಟ ಬೇಕೆಂಬದನ್ನು ಅವರು ಕಂಡುಕೊಂಡಿದ್ದಾರೆ. ನಾವೋ, ಆದಿತ್ಯವಾರದ ಆರಾಧನೆಯಲ್ಲಿ ಒಬ್ಬನ ಸಾಕ್ಷಿಯನ್ನು ಕೇಳಿ ಹಾಡು ಹಾಡಿ ಮನೆಗೆ ಹೋಗುತ್ತೇವೆ.

ಸಭಾಹಿರಿಯರಿಗೆ ನಮ್ಮ ವಿಜ್ಞಾಪನೆ ಏನಂದರೆ, ಕುಡಿತ ಬಿಟ್ಟವನಿಗೆ ಮೊದಲಿನ ಒಂದು ವರುಷ ನಿಮ್ಮಲ್ಲಿ ಇಬ್ಬರಾದರೂ ಹೆಗಲಾಗಿರಿ. ಶನಿವಾರ ಸಾಯಂಕಾಲ ಆರು ಗಂಟೆಗೆ ಅವನಿಗೆ ಟೆಲಿಫೋನು ಮಾಡುವದು ಆದಿತ್ಯವಾರ ಹತ್ತು ಗಂಟೆಯ ಪ್ರಸಂಗಕ್ಕಿಂತ ಕಡಿಮೆಯಾದ ಸೇವೆಯಲ್ಲ. ಅವನು "ಇವತ್ತು ಬಹಳ ಆಶೆಯಾಯಿತು" ಅಂದರೆ ಮುಖವನ್ನು ಬದಲಿಸಬೇಡಿರಿ. "ಹೇಳಿದ್ದು ಒಳ್ಳೇದಾಯಿತು, ನಾನು ಬರುತ್ತೇನೆ" ಅನ್ನಿರಿ. ಅವನ ಮಾತನ್ನು ನಿಮ್ಮ ಹೆಂಡತಿಯ ಕಿವಿಗೂ ಹಾಕಬೇಡಿರಿ. ಒಮ್ಮೆ ಊರಲ್ಲಿ ಹರಡಿದ ಗುಟ್ಟು ಎರಡನೆಯ ಸಾರಿ ನಿಮ್ಮ ಬಳಿಗೆ ಬರುವದಿಲ್ಲ. ಹತ್ತಿರ ಯಾರೂ ಇಲ್ಲದ ಹೊತ್ತಿಗೆ, ಸರಕಾರದವರು ವ್ಯಸನ ಬಿಡುವವರಿಗಾಗಿ ಇಟ್ಟಿರುವ 14446 ಎಂಬ ಸಂಖ್ಯೆಯೂ, ಮನಸ್ಸಿನ ಸಂಕಟಕ್ಕಾಗಿ 2022ರಲ್ಲಿ ಆರಂಭಿಸಿದ ಟೆಲಿಮಾನಸ್ ಎಂಬ 14416 ಸಂಖ್ಯೆಯೂ ಅವನ ಜೇಬಿನಲ್ಲಿ ಬರೆದಿರಲಿ.

ಮನೆಯವರಿಗೂ ಒಂದು ಮಾತು ಬೇಕು. ಗಂಡನು ಬಿಟ್ಟು ಮೂರು ತಿಂಗಳಾದರೂ, ಏಳು ಗಂಟೆಗೆ ಅವನು ಬಾರದಿದ್ದರೆ ಹೆಂಡತಿಯ ಎದೆ ಹೊಡೆದುಕೊಳ್ಳುತ್ತದೆ. ಬಂದರೆ ಅವಳ ಮೂಗು ತಾನಾಗಿ ವಾಸನೆಯನ್ನು ಹುಡುಕುತ್ತದೆ. ಅವನಿಗೆ ಇದು ಅವಮಾನವಾಗಿ ತೋರಿ, "ಹೇಗೂ ನಂಬುವದಿಲ್ಲ, ಕುಡಿದರೇನಾಯಿತು" ಎಂದು ಸಿಟ್ಟು ಬರುತ್ತದೆ. ಸಹೋದರನೇ, ನಿನಗೆ ಗ್ಲಾಸಿನ ನೆನಪು ತಾನಾಗಿ ಬರುವಂತೆ ಅವಳಿಗೆ ಆ ರಾತ್ರಿಗಳ ನೆನಪು ತಾನಾಗಿ ಬರುತ್ತದೆ. ನಿನ್ನ ದೇಹವು ಹತ್ತು ವರುಷ ಕಲಿತದ್ದನ್ನು ಅವಳ ದೇಹವೂ ಅಷ್ಟೇ ವರುಷ ಕಲಿತಿದೆ. ನಿನಗೆ ಕೊಡಬೇಕಾದ ಕಾಲವನ್ನು ನೀನು ಅವಳಿಗೂ ಕೊಡು. ಅಮ್ಮಾ, ನಿಮಗೂ ಹೇಳುತ್ತೇವೆ: ಭಯವಾದಾಗ "ಕುಡಿದು ಬಂದಿರೋ" ಎಂದು ಕೇಳುವ ಬದಲು "ನೀವು ಬಾರದ್ದಕ್ಕೆ ನನಗೆ ಹೆದರಿಕೆಯಾಯಿತು" ಎಂದು ಹೇಳಿರಿ. ಎರಡೂ ನಿಜವೇ, ಆದರೆ ಎರಡನೆಯದರಲ್ಲಿ ಬಾಗಲು ತೆರೆದಿರುತ್ತದೆ.

ಮತ್ತಾಯ 12ರಲ್ಲಿ ಕರ್ತನು ಹೇಳಿದ ಮನೆಯ ಸಾಮ್ಯವನ್ನು ಇಲ್ಲಿ ನೆನಸಬೇಕು. ಅಶುದ್ಧಾತ್ಮವು ಹೊರಟುಹೋದ ಮನೆಯು ಗುಡಿಸಿ ಅಲಂಕರಿಸಿದ್ದಾಗಿತ್ತು, ಆದರೆ ಬರಿದಾಗಿತ್ತು. ಅದೇ ಅದರ ಕೇಡು. ಸಾಯಂಕಾಲ ಆರರಿಂದ ಒಂಬತ್ತರ ವರೆಗೆ ಕುಡಿತಕ್ಕೆ ಕೊಟ್ಟಿದ್ದ ಮನುಷ್ಯನು ಅದನ್ನು ಬಿಟ್ಟಾಗ ಅವನ ಕೈಗೆ ದಿನಕ್ಕೆ ಮೂರು ಗಂಟೆಗಳು ಬರಿದಾಗಿ ಬರುತ್ತವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರಿಗೆ ಇದು ಬೇರೊಂದು ರೀತಿಯಲ್ಲಿ ತಿಳಿದುಬಂತು. ಸಭೆಗೆ ಸೇರಿದವರಲ್ಲಿ ಕಳ್ಳು ತೆಗೆಯುವ ಕಸುಬಿನವರು ಅನೇಕರಿದ್ದರು. ಆ ಕಸುಬನ್ನು ಬಿಡಿರಿ ಎಂದು ಹೇಳಿದ್ದರಿಂದ ಕೆಲಸ ಮುಗಿಯಲಿಲ್ಲ. ಬಿಟ್ಟವರ ಕೈ ಬರಿದಾಯಿತು. ನೇಯಿಗೆಯ ಮಗ್ಗಗಳೂ, 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯೂ ಅಂಥ ಕೈಗಳಿಗೆ ಕೆಲಸ ಕೊಟ್ಟವು. ಈಗ ಮಗ್ಗ ಹಾಕುವ ಸ್ಥಿತಿಯಲ್ಲಿ ನಮ್ಮ ಸಣ್ಣ ಸಭೆಗಳು ಇಲ್ಲ. ಆದರೆ ಗಾಯನಮಂಡಲಿಯ ಅಭ್ಯಾಸವನ್ನು ಶನಿವಾರ ಸಾಯಂಕಾಲಕ್ಕೆ ಇಡುವದಕ್ಕೆ ಯಾವ ಖರ್ಚು? ದೇವಾಲಯದ ಅಂಗಳದ ಹುಲ್ಲು ಕೊಚ್ಚುವದಕ್ಕೂ, ವಿಧವೆಯೊಬ್ಬಳ ಮನೆಯ ಮಾಡಿನ ಹಂಚು ಸರಿಮಾಡುವದಕ್ಕೂ ಅವನನ್ನು ಕರೆಯಿರಿ. ಉಪದೇಶ ಕೇಳುವವನಾಗಿ ಮಾತ್ರವಲ್ಲ, ಬೇಕಾದವನಾಗಿ ಕರೆಯಿರಿ.

ಇಷ್ಟೆಲ್ಲಾ ಮಾಡಿದ ಮೇಲೂ ಬೀಳುವವರಿದ್ದಾರೆ. ಜಾನ್ ಗಫ್ ಎಂಬ ಪುಸ್ತಕಕಟ್ಟುವವನು 1842ರಲ್ಲಿ ಅಮೆರಿಕದ ವೂಸ್ಟರ್ ಪಟ್ಟಣದ ಬೀದಿಯಲ್ಲಿ ಅಮಲೇರಿದವನಾಗಿದ್ದಾಗ, ಹೋಟೆಲಿನ ಒಬ್ಬ ಪರಿಚಾರಕನು ಅವನ ಹೆಗಲ ಮೇಲೆ ಕೈಯಿಟ್ಟು ಪ್ರೀತಿಯಿಂದ ಮಾತಾಡಿಸಿ ಪ್ರತಿಜ್ಞೆಗೆ ಕರೆದನು. ಗಫನು ರುಜು ಹಾಕಿದನು, ಮತ್ತು ಕೆಲವೇ ತಿಂಗಳುಗಳಲ್ಲಿ ಬಿದ್ದನು. ಅವನು ಅದನ್ನು ಬಚ್ಚಿಡದೆ ಸಂಗಡಿಗರ ಮುಂದೆ ಹೇಳಿ, ತಿರುಗಿ ರುಜು ಹಾಕಿದನು. 1845ರಲ್ಲಿ ಇನ್ನೊಮ್ಮೆ ಬಿದ್ದನು, ಇನ್ನೊಮ್ಮೆ ಎದ್ದನು. ಆ ಮೇಲೆ ನಾಲ್ವತ್ತು ವರುಷ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಮದ್ಯವರ್ಜನವನ್ನು ಕುರಿತು ಮಾತಾಡಿ, 1886ರಲ್ಲಿ ಉಪನ್ಯಾಸ ಮಾಡುತ್ತಿರುವಾಗಲೇ ಪಾರ್ಶ್ವವಾಯು ಹೊಡೆದು ತೀರಿಕೊಂಡನು. ಒಂದು ಗ್ಲಾಸು ಕುಡಿದವನಿಗೆ, "ಎಲ್ಲಾ ಹೋಯಿತು, ಇನ್ನು ಹತ್ತಾದರೇನು" ಎಂಬ ಯೋಚನೆಯು ಮೊದಲಿನ ಆಶೆಗಿಂತಲೂ ಅಪಾಯವಾದದ್ದು. ಅಂಥವನ ಮನೆಗೆ ಹಿರಿಯರು ಸೋಮವಾರವೇ ಹೋಗಬೇಕು, ಮುಂದಿನ ಸಭಾಕಮಿಟಿಯ ತನಕ ಕಾಯಬಾರದು.

ಕಡೆಯದಾಗಿ, ಕರ್ತನ ಭೋಜನದ ಪಾತ್ರೆಯ ವಿಷಯ. ಕೆಲವು ಸಭೆಗಳಲ್ಲಿ ಹುದುಗಿದ ದ್ರಾಕ್ಷಾರಸವನ್ನು ಉಪಯೋಗಿಸುತ್ತಾರೆ. ಬಿಟ್ಟು ಸ್ವಲ್ಪ ಕಾಲವಾದವನಿಗೆ ಆ ಒಂದು ಗುಟುಕಿನ ವಾಸನೆಯೂ ಹಳೆಯ ದಾರಿಯನ್ನು ತೆರೆಯಬಲ್ಲದು. ಮತ್ತು ಅದಕ್ಕೆ ಹೆದರಿ ಅವನು ಭೋಜನದ ಆದಿತ್ಯವಾರಗಳಲ್ಲಿ ದೇವಾಲಯಕ್ಕೇ ಬಾರದೆ ಉಳಿದರೆ, ಕಾರಣವನ್ನು ಯಾರೂ ಕೇಳದೆ, ಭಕ್ತಿ ತಣ್ಣಗಾಯಿತೆಂದು ಹೇಳುವರು. ಅಮೆರಿಕದ ಮೆಥೊಡಿಸ್ಟ್ ಸಭೆಯವರಾದ ತಾಮಸ್ ವೆಲ್ಚ್ ಎಂಬವರು 1869ರಲ್ಲಿ, ದ್ರಾಕ್ಷಿಯ ರಸವನ್ನು ಕಾಯಿಸಿ ಹುದುಗದ ಹಾಗೆ ಸೀಸೆಗಳಲ್ಲಿ ಇಡುವ ಕ್ರಮವನ್ನು ಕಂಡುಹಿಡಿದದ್ದು ಕರ್ತನ ಭೋಜನಕ್ಕಾಗಿಯೇ. ಒಣದ್ರಾಕ್ಷಿಯನ್ನು ನೀರಿನಲ್ಲಿ ಕುದಿಸಿ ಸೋಸಿ ಅದೇ ದಿನ ಉಪಯೋಗಿಸುವದು ಯಾವ ಹಳ್ಳಿಯ ಸಭೆಗೂ ಕಷ್ಟವಲ್ಲ. ಇದನ್ನು ಇಡೀ ಸಭೆಗೆ ಒಂದೇ ಪಾತ್ರೆಯಾಗಿ ಮಾಡಿರಿ. ಅವನೊಬ್ಬನಿಗೆ ಬೇರೆ ಲೋಟವನ್ನು ಇಟ್ಟು ಎಲ್ಲರ ಕಣ್ಣು ಅವನ ಮೇಲೆ ಬೀಳುವ ಹಾಗೆ ಮಾಡಬೇಡಿರಿ. ಬರುವ ಭೋಜನದ ಆದಿತ್ಯವಾರಕ್ಕೆ ಮುಂಚೆ ಸಭಾಪಾಲಕರೂ ಹಿರಿಯರೂ ಈ ಒಂದು ವಿಷಯವನ್ನಾದರೂ ತೀರ್ಮಾನಿಸಬೇಕೆಂದು ಬೇಡುತ್ತೇವೆ.